ತಳದ ನೀರು

ನನ್ನ ಸೋದರಮಾವ ನಮ್ಮ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದವರು. ಮನೆ ನಾಗಮಂಗಲದ ಕಡೆ. ಅಲ್ಲಿ ಬೋರ್ ನೀರಿಗೆ ಬೇಳೆ ಹಾಕಿದರೆ ಸೌದೆ ಮುಗಿದರೂ ಬೇಯದು. ಅತ್ತೆಗೆ ಮಾವನ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. ತಾನು ಒಂದು ಬಿಂದಿಗೆ ನೀರಿಗೆ ಸರದಿ ನಿಲ್ಲುವಾಗ, ಗಂಡ ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿಗೆ ಹೋಗಿ ಕುದಿಯುವ ನೀರನ್ನು ಚರಂಡಿಗೆ ಬಿಟ್ಟು ಬರುತ್ತಾನೆ! "ಅದಕ್ಕೂ ಸಂಬಳ ಕೊಟ್ಟಾರಾ?" ಎನ್ನುತ್ತಿದ್ದಳು.

ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮಾವನ ಜೊತೆ ಹೋಗಿದ್ದೆ. ಕಬ್ಬಿನ ರಚ್ಚು ಉರಿಯುವ ಕುಲುಮೆ, ಮೈಯೆಲ್ಲ ಸಿಹಿಬೂದಿಯ ವಾಸನೆ. ಮೇಲೆ, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಮುಂದೆ ಒಬ್ಬ ನಿಂತ. ಮಾವ ಕೆಳಗಿನ ಡ್ರಮ್ಮಿನ ಬಳಿ ಕೂತರು. ಪೈಪಿಗೆ ಎರಡು ವಾಲ್ವು. ಬಾಯ್ಲರಿಗೆ ಹತ್ತಿರದ್ದನ್ನು ಮೊದಲು ಪೂರ್ತಿ ತೆರೆದು, ಆಚೆಯದನ್ನು ನಿಧಾನವಾಗಿ ತಿರುಗಿಸಿದರು. ಪೈಪು ಗುಡುಗಿ ನಡುಗಿತು; ಹೊರಗಿನ ಗುಂಡಿಯಿಂದ ಹಬೆ ತೆಂಗಿನಮರದೆತ್ತರ ಎದ್ದಿತು. ಕೆಲವೇ ಸೆಕೆಂಡು. ಮುಚ್ಚುವಾಗ ಆಚೆಯದೇ ಮೊದಲು. ಸವೆತವೆಲ್ಲ ಆ ಒಂದು ವಾಲ್ವಿಗೇ ಇರಲಿ, ಒಳಗಿನದು ಗಟ್ಟಿಯಾಗಿ ಉಳಿಯಲಿ ಎಂದು. ವಾಲ್ವು ತೆರೆದವನು ಅದನ್ನು ಮುಚ್ಚುವ ತನಕ ಜಾಗ ಬಿಟ್ಟು ಕದಲಬಾರದು. ನೀರಿನ ಮಟ್ಟ ಇಳಿದು ಕೊಳವೆಗಳು ಒಣಗಿದರೆ ಕಥೆ ಮುಗಿಯಿತು.

"ಚೆನ್ನಾಗಿರೋ ನೀರನ್ನ ಯಾಕೆ ಚೆಲ್ತೀಯ ಮಾವ?"

"ಕಣ್ಣಿಗೆ ಚೆನ್ನಾಗೈತೆ ಕಣ್ಲಾ. ಹಬೆ ತಾನೊಂದೇ ಎದ್ದು ಹೋಯ್ತದೆ. ಸುಣ್ಣ, ಉಪ್ಪು ಎಲ್ಲಾ ಇಲ್ಲೇ ಕೂತ್ಕತ್ತವೆ."

ಹತ್ತು ಕೊಡ ನೀರಲ್ಲಿ ಒಂಬತ್ತು ಹಬೆಯಾದರೆ, ಹತ್ತು ಕೊಡದ ಉಪ್ಪೂ ಉಳಿದ ಒಂದರಲ್ಲೇ. ಅದು ಮಿತಿ ಮೀರಿದರೆ ಮೇಲೆ ನೊರೆ ಎದ್ದು ನೀರಹನಿಗಳು ಹಬೆಯ ಜೊತೆ ಟರ್ಬೈನಿಗೆ ನುಗ್ಗುತ್ತವೆ. ಸುಣ್ಣವೋ ಕೊಳವೆಗೆ ಪೊರೆ ಕಟ್ಟುತ್ತದೆ. ಬೆಂಕಿಯ ಶಾಖ ನೀರಿಗೆ ದಾಟದೆ ಕಬ್ಬಿಣವೇ ಕಾದು ಉಬ್ಬಿ ಒಡೆಯುತ್ತದೆ. ಆಲೆಮನೆಯವರು ಕೊಪ್ಪರಿಗೆಯ ಮೇಲೆ ಬಂದ ಮಡ್ಡಿ ತೆಗೆದ ಹಾಗೆ, ಮೇಲಿನ ಡ್ರಮ್ಮಿನಿಂದ ಸಣ್ಣ ಧಾರೆ ಸದಾ ಹೋಗುತ್ತಿರುತ್ತದೆ. ತಳದ ಕೆಸರಿಗೆ ಮಾತ್ರ ಮಾವನ ಕೈ ಬೇಕು.

ಮಡ್ಡಿ ತೆಗೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ, ರೈತರ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧಿ ಮಾಡುತ್ತಿತ್ತು. ಅದೇ ಕಾಲದ ಉಗಿಹಡಗುಗಳದ್ದು ಇನ್ನೂ ಪೇಚು. ಸಮುದ್ರದ ನೀರನ್ನೇ ಬಾಯ್ಲರಿಗೆ ಕುಡಿಸುತ್ತಿದ್ದರು. ಅದರಲ್ಲಿ 32 ಪಾಲಿಗೆ ಸುಮಾರು ಒಂದು ಪಾಲು ಉಪ್ಪು. ಉಪ್ಪಳೆಯುವ ಕೋಲಿಗೂ ಮೂವತ್ತೆರಡರ ಲೆಕ್ಕದಲ್ಲೇ ಗೆರೆ. ಕಲ್ಲಿದ್ದಲು ಸುಟ್ಟು ಕಾಯಿಸಿದ ನೀರನ್ನು ಮತ್ತೆ ಸಮುದ್ರಕ್ಕೇ ಸುರಿಯುತ್ತ ಸಾಗಬೇಕು. ಅತ್ತೆ ನೋಡಿದ್ದರೆ ಹಡಗಿನಿಂದಲೇ ಇಳಿದು ಬಿಡುತ್ತಿದ್ದಳು.

ಸಕ್ಕರೆ ಕಾರ್ಖಾನೆಗೆ ಒಂದು ಅನುಕೂಲವಿದೆ. ಕಬ್ಬಿನ ಹಾಲು ಕಾಯಿಸಿದ ಹಬೆ ತಣಿದು ಬರುವ ನೀರು ಬಲು ಶುದ್ಧ. ಅದನ್ನೇ ಮತ್ತೆ ಬಾಯ್ಲರಿಗೆ ಕೊಡುತ್ತಾರೆ. ಆದರೆ ಅದರೊಳಗೆ ಹಾಲು ತುಸು ಸೇರಿಬಿಟ್ಟರೆ, ಆ ಶಾಖದಲ್ಲಿ ಸಕ್ಕರೆ ಕೆಟ್ಟು ಆಮ್ಲವಾಗಿ, ನೀರು ಕಂದಿ ನೊರೆಯೇಳುತ್ತದೆ. ಅದಕ್ಕೇ ಲ್ಯಾಬಿನ ಹುಡುಗ ಪದೇ ಪದೇ ಪರೀಕ್ಷಾನಳಿಗೆ ಆಲ್ಫಾ ನ್ಯಾಫ್ತಾಲ್ ಹನಿಸಿ, ಗಂಧಕಾಮ್ಲ ಇಳಿಬಿಟ್ಟು ನೋಡುವುದು. ನೇರಳೆ ಉಂಗುರ ಮೂಡಿತೋ, ಮಾವನಿಗೆ ಕೂಗು. ಸಕ್ಕರೆ ಮಾಡುವ ಮನೆಯಲ್ಲಿ ಸಕ್ಕರೆಗೇ ಇಷ್ಟು ಹೆದರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ವರ್ಷ ಮೈಸೂರಿನ ನನ್ನ ಮನೆಯ ಗೀಸರ್ ಸುಟ್ಟುಹೋಯಿತು. ರಿಪೇರಿಯವನು ಕಾಯಿಲ್ ಎಳೆದು ತೋರಿಸಿದ: ಹೆಬ್ಬೆರಳ ದಪ್ಪ ಬಿಳಿಯ ಪೊರೆ, ತಟ್ಟಿದರೆ ಮೊಟ್ಟೆಯ ಸಿಪ್ಪೆಯಂತೆ ಉದುರಿತು. ಫೋನಿನಲ್ಲಿ ಹೇಳಿದಾಗ ಮಾವ ನಕ್ಕರು. "ತಳದ ಬಿರಡೆ ಒಂದಿನಾನಾದ್ರೂ ಬಿಚ್ಚಿದ್ಯಾ?"

ಹಿಂದಿನಿಂದ ಅತ್ತೆಯ ದನಿ: "ಬಚ್ಚಲ ಹಂಡೆಯ ತಳದ ನೀರು ಯಾವತ್ತೂ ಮೈಗೆ ಹುಯ್ಕಬಾರ್ದು, ಬಾಳೆಗಿಡಕ್ಕೆ ಚೆಲ್ಲು ಅಂತ ನಾನು ಎಷ್ಟು ದಿನದಿಂದ ಬಡ್ಕತಾ ಇವ್ನಿ!"