ಇನ್ನೊಬ್ಬ ಸುಲೋಚನೆ

ಬಂಟ್ವಾಳದ ನಮ್ಮ ಮನೆಯಲ್ಲಿ ನನಗೆ ಸುಲೋಚನಾ ಎಂದು ಹೆಸರಿಟ್ಟವರು ಬಯಲಾಟದ ಹುಚ್ಚಿನ ಅಜ್ಜ. ಚೆಲುವಾದ ಕಣ್ಣಿನವಳು ಎಂದರ್ಥ. ಬೆಳ್ತಂಗಡಿಯಲ್ಲಿ ಅಧ್ಯಾಪಿಕೆಯಾಗಿ ಸೇರುವಾಗಲೇ ಆ ಕಣ್ಣಿಗೆ ದಪ್ಪ ಕನ್ನಡಕ! ಹಳಬರ ಮಾತಿನಲ್ಲಿ ಕನ್ನಡಕಕ್ಕೂ ಸುಲೋಚನವೆಂದೇ ಹೆಸರು. "ಸುಲೋಚನ ಹಾಕಿದ ಸುಲೋಚನಾ ಟೀಚರ್" ಎಂದು ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಗು ನಿಂತದ್ದು ನಮ್ಮ ಯಜಮಾನರು ತೀರಿಕೊಂಡಾಗ. ಹದಿಮೂರನೆಯ ದಿನ ಬಂಧುವೊಬ್ಬರು, "ಹೆಸರೇ ಅಂಥದ್ದು" ಎಂದುಬಿಟ್ಟರು. ಇಂದ್ರಜಿತುವಿನ ಹೆಂಡತಿ ಸುಲೋಚನೆ ಗಂಡನೊಡನೆ ಚಿತೆಯೇರಿದವಳಲ್ಲವೆ? ವಾಲ್ಮೀಕಿ ರಾಮಾಯಣದಲ್ಲಿ ಅವಳ ಸುದ್ದಿಯೇ ಇಲ್ಲ. ಆದರೂ ಜನರ ಬಾಯಲ್ಲಿ ಅವಳೇ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರವೂ ‘ಸತಿ ಸುಲೋಚನಾ’. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗೆಲ್ಲ ಆ ಮಾತು ಚುಚ್ಚುತ್ತಿತ್ತು.

ಮುಂದೆ ಮೂಡುಬಿದಿರೆಗೆ ವರ್ಗವಾಯಿತು. ಅಲ್ಲಿನ ಜೈನ ಸಹೋದ್ಯೋಗಿಯೊಬ್ಬರು ನನ್ನ ಹೆಸರು ಕೇಳಿ, "ಜಯಕುಮಾರನ ಸುಲೋಚನೆಯೋ?" ಎಂದರು. ನಾನು ಕೇಳಿಯೇ ಇರಲಿಲ್ಲ. ಒಂದು ಸಂಜೆ ಸಾವಿರ ಕಂಬದ ಬಸದಿಯಲ್ಲಿ ಕುಳಿತು ಕಥೆ ಹೇಳಿದರು. ಆದಿಪುರಾಣದ ಈಕೆ ಕಾಶಿಯ ಅಕಂಪನ ರಾಜನ ಮಗಳು. ಸ್ವಯಂವರದಲ್ಲಿ ಭರತ ಚಕ್ರವರ್ತಿಯ ಮಗ ಅರ್ಕಕೀರ್ತಿಯನ್ನೇ ದಾಟಿಹೋಗಿ ಜಯಕುಮಾರನಿಗೆ ಮಾಲೆ ಹಾಕಿದಳು. ಅದಕ್ಕಾಗಿ ಯುದ್ಧವೇ ಆಯಿತು.

"ಕೊನೆಗೆ?" ಎಂದೆ. ನನಗೆ ಬೇಕಾಗಿದ್ದದ್ದು ಅದೇ.

ಗಂಡ ದೀಕ್ಷೆ ಪಡೆದು ಹೊರಟುಹೋದ ಮೇಲೆ ಅವಳೂ ಆರ್ಯಿಕೆಯಾದಳಂತೆ. ಕುಳಿತು ಓದಿದಳಂತೆ. ಜೈನಾಗಮದ ಹನ್ನೊಂದು ಅಂಗಗಳನ್ನು ಕರಗತ ಮಾಡಿಕೊಂಡಳೆಂದು ಹರಿವಂಶಪುರಾಣದಲ್ಲಿದೆ ಎಂದರು.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. "ಆ ಪುಸ್ತಕ ನಿಮ್ಮ ಮನೆಯಲ್ಲಿದೆಯಾ?"