ಎಡಗಾಲಿನ ನಿವೃತ್ತಿ

35 ವರ್ಷ ಬ್ಯಾಂಕಿನಲ್ಲಿ ಸವೆದು ನಾನು ನಿವೃತ್ತನಾದಾಗ ಹಾರ, ಶಾಲು, ಒಂದು ಗೋಡೆ ಗಡಿಯಾರ ಸಿಕ್ಕವು. ಈಗಲೂ ವಾರಕ್ಕೆರಡು ಸಲ ಪಾಸ್‌ಬುಕ್ ಎಂಟ್ರಿ ನೆಪದಲ್ಲಿ ಅಲ್ಲಿಗೆ ಹೋಗಿ, ಯಾರಿಗೂ ಬೇಡದ ಸಲಹೆ ಕೊಟ್ಟು ಬರುತ್ತೇನೆ. ಆದರೆ ಅಷ್ಟೇ ವರ್ಷ ಕ್ಲಚ್ ತುಳಿದ ನನ್ನ ಎಡಗಾಲಿಗೆ ಯಾರು ಶಾಲು ಹೊದಿಸಿದರು? ಅದರ ನಿವೃತ್ತಿಯ ಪ್ರಸ್ತಾಪ ಎತ್ತಿದವಳು ಮಗಳು. "ಅಪ್ಪ, ಸಿಲ್ಕ್ ಬೋರ್ಡಲ್ಲಿ ಹಾಫ್ ಕ್ಲಚ್ ಹಿಡಿದು ಹಿಡಿದು ಮಂಡಿ ಹೋಯ್ತು. ಆಟೋಮ್ಯಾಟಿಕ್ ತಗೋ. ಗೇರ್ ಹಾಕೋ ಚಪಲ ಇದ್ರೆ ಪ್ಯಾಡಲ್ ಇರೋದೇ ಸಿಗತ್ತೆ." ನಾನು ಕಂಡಿದ್ದು ಸೈಕಲ್ಲಿನ ಪೆಡ್ಲು ಮಾತ್ರ. ಇದೋ, ಸ್ಟೀರಿಂಗಿನ ಹಿಂದೆ ಎರಡೂ ಕಡೆ ಕಿವಿಯಂತೆ ಅಂಟಿಕೊಂಡ ಪುಟ್ಟ ಪಟ್ಟಿ: ಬಲಕಿವಿ ಹಿಂಡಿದರೆ ಗೇರಿಗೆ ಊರ್ಧ್ವಗತಿ, ಎಡಕಿವಿ ಹಿಂಡಿದರೆ ಅಧೋಗತಿ.

ಸ್ಟೀರಿಂಗಿನ ಪಕ್ಕದಲ್ಲೇ ಗೇರು ಎಂದದ್ದೇ ತಡ, ಮನಸ್ಸು ತೀರ್ಥಹಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿಗೆ ಓಡಿತು. ಆ ಕಾಲದ ಅಂಬಾಸಿಡರಿಗೆ ಹ್ಯಾಂಡ್ ಗೇರ್. ಸ್ಟೀರಿಂಗಿನ ಪಕ್ಕದಿಂದ ಚಾಚಿಕೊಂಡ ಕೋಲು. ಮುಂದಿನ ಸೀಟು ಒಂದೇ ಉದ್ದದ ಹಾಸು, ನಡುವೆ ಗೇರಿನ ಅಡ್ಡಿಯಿಲ್ಲ, ಆದ್ದರಿಂದ ಮದುವೆ ದಿಬ್ಬಣವೆಂದರೆ ಅಲ್ಲೇ ನಾಲ್ಕು ಜನ, ಡ್ರೈವರ್ ಮಾಮನ ಅರ್ಧ ದೇಹ ಬಾಗಿಲಿಗೆ ಒತ್ತಿಕೊಂಡೇ ಇರುತ್ತಿತ್ತು. ಅವನ ಪಕ್ಕ ತುರುಕಲ್ಪಟ್ಟ ನನಗೆ ಪ್ರತಿ ಗೇರಿಗೂ ಪಕ್ಕೆಗೊಂದು ಮೊಣಕೈ ತಿವಿತ. ಆಗುಂಬೆ ಘಾಟಿಯ 14 ತಿರುವುಗಳನ್ನು ನಾನು ಲೆಕ್ಕ ಹಾಕಿದ್ದು ಪಕ್ಕೆಲುಬಿನಿಂದಲೇ. ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲು ಉಳಿಯುತ್ತದಲ್ಲ ಎಂದು ದೊಡ್ಡಪ್ಪ ಅರ್ಥಶಾಸ್ತ್ರ ತೆಗೆದರೆ, ಡ್ರೈವರ್ ಮಾಮ "ಪೆಟ್ರೋಲು ಉಳೀತದೆ, ನಾವು ಉಳಿಯೋದಿಲ್ಲ" ಎನ್ನುತ್ತಿದ್ದ. ಹತ್ತುವ ಗೇರಿನಲ್ಲೇ ಇಳಿಯಬೇಕು. ಆಗ ಇಂಜಿನ್ನೇ ಚಕ್ರವನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಕಾದು ಕೈಕೊಡುವುದಿಲ್ಲ. ನನ್ನ ಬಾಲ್ಯದ ಏಕೈಕ ಉಪನಿಷತ್ತು ಅದು.

ಆಮೇಲೆ ಗೇರು ನೆಲಕ್ಕಿಳಿಯಿತು. ಈಗ ಮತ್ತೆ ಸ್ಟೀರಿಂಗಿಗೆ ಏರಿದೆ. ಇದನ್ನು ಪ್ರಗತಿ ಎನ್ನಬೇಕೋ ಪ್ರದಕ್ಷಿಣೆ ಎನ್ನಬೇಕೋ? ಏರಿಸಿದವರು ರೇಸಿನವರು. 1989ರಲ್ಲಿ ಜಾನ್ ಬರ್ನಾರ್ಡ್ ಎಂಬ ವಿನ್ಯಾಸಕಾರರು ಫೆರಾರಿಯ ಫಾರ್ಮುಲಾ ಒನ್ ಕಾರಿಗೆ ಈ ಕಿವಿಗಳನ್ನು ಹಚ್ಚಿದರು: ಚಾಲಕನ ಕೈ ಚಕ್ರ ಬಿಡಬೇಕಿಲ್ಲ, ಗೇರು ಕೋಲಿಗೆಂದು ಕಾರನ್ನು ಅಗಲಿಸಬೇಕೂ ಇಲ್ಲ. ಅಭ್ಯಾಸದಲ್ಲಿ ಅದು ಎಷ್ಟು ಸಲ ಕೈಕೊಟ್ಟಿತ್ತೆಂದರೆ, ಬ್ರೆಜಿಲ್ಲಿನ ಮೊದಲ ರೇಸಿಗೆ ಹೊರಟ ನೈಜೆಲ್ ಮ್ಯಾನ್ಸೆಲ್ ಬೇಗ ಮನೆಗೆ ಮರಳಲು ವಿಮಾನದ ಟಿಕೆಟ್ಟನ್ನೂ ಮಾಡಿಸಿಟ್ಟಿದ್ದರಂತೆ. ಗೆದ್ದುಬಿಟ್ಟರು, ವಿಮಾನ ತಪ್ಪಿತು.

ನಾನು ಟೆಸ್ಟ್ ಡ್ರೈವಿಗೆ ಹೋದದ್ದು ಸಿವಿಟಿ ಕಾರಿನಲ್ಲಿ. ಪಕ್ಕದಲ್ಲಿ ಕೂತ ಷೋರೂಮಿನ ಹುಡುಗ "ಏಳು ಸ್ಟೆಪ್ ಸರ್" ಎಂದ. ಕೆದಕಿ ಕೇಳಿದರೆ ಒಳಗೆ ಏಳೂ ಇಲ್ಲ, ಒಂದೂ ಇಲ್ಲ. ಹಿಗ್ಗಿ ಕುಗ್ಗುವ ಎರಡು ರಾಟೆ, ನಡುವೆ ಒಂದು ಬೆಲ್ಟು. ಕಿವಿ ಹಿಂಡಿದಾಗ ಕಂಪ್ಯೂಟರು ಒಂದೊಂದು ಹಂತದಲ್ಲಿ ಅದನ್ನು ನಿಲ್ಲಿಸಿ ಗೇರೆಂದು ನಂಬಿಸುತ್ತದೆ. ಶಂಕರಾಚಾರ್ಯರ ಮಾಯೆ ಎಕ್ಸ್-ಷೋರೂಮ್ ಬೆಲೆಗೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಈ ತತ್ತ್ವಜಿಜ್ಞಾಸೆಯಲ್ಲಿರುವಾಗ ಎದುರು ಹಸು ಬಂತು, ಎಡಗಾಲು ಪೂರ್ವಜನ್ಮದ ವಾಸನೆಯಿಂದ ಕ್ಲಚ್ ಹುಡುಕುತ್ತ ಬ್ರೇಕಿನ ಮೇಲೆ ಧೊಪ್ಪನೆ ಕೂತಿತು. ಹುಡುಗನನ್ನು ಬೆಲ್ಟು ಹಿಡಿದುಕೊಂಡಿತು. ಅವನ ಮೊಬೈಲನ್ನು ಹಿಡಿಯುವವರಿರಲಿಲ್ಲ.

ಆದರೂ ಅದನ್ನೇ ಕೊಂಡೆ. ಮೊನ್ನೆ ಅದೇ ಘಾಟಿ ಇಳಿಯುವಾಗ ಎಡಕಿವಿಯನ್ನು ಎರಡು ಸಲ ಹಿಂಡಿದೆ. ಇಂಜಿನ್ ಗುರ್ ಎಂದು ದನಿಯೇರಿಸಿ ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ಗೇರು ಮಿಥ್ಯೆಯಾದರೇನು, ಹಿಡಿತ ವ್ಯಾವಹಾರಿಕ ಸತ್ಯ. ಡ್ರೈವರ್ ಮಾಮ ಒಪ್ಪುತ್ತಿದ್ದ. ತಿರುವಿನಿಂದ ತಿರುವಿಗೆ ನಾನು ಹಿಗ್ಗುತ್ತಿದ್ದರೆ, ಪಕ್ಕದಲ್ಲಿದ್ದ ಇವಳು ಮಾತ್ರ ನನ್ನ ಕಾಲಬುಡವನ್ನೇ ನೋಡುತ್ತಿದ್ದಳು. ಪ್ರತಿ ಸಲ ಕಿವಿ ಹಿಂಡಿದಾಗಲೂ ಎಡಗಾಲು ಬರೀ ಮ್ಯಾಟನ್ನು ಶ್ರದ್ಧೆಯಿಂದ ತುಳಿಯುತ್ತಿತ್ತು.

"ಏನ್ರೀ," ಎಂದಳು, "ಅದೂ ಪಾಸ್‌ಬುಕ್ ಎಂಟ್ರಿ ಮಾಡಿಸ್ತಾ ಇದೆಯಾ?"