ಬೆನ್ನಿಗೊಂದು ಲೋಹದ ಹಲಗೆ: ಹಲಗೂರಿನ ಟಿಪ್ಪಣಿಗಳು

ನೀರಿಗಿಳಿಯುವವರು ಬೆನ್ನಿಗೆ ಲೋಹದ ಹಲಗೆ ಯಾಕೆ ಕಟ್ಟಿಕೊಳ್ಳುತ್ತಾರೆ? ನಮ್ಮ ಹಲಗೂರಿನಿಂದ ಮುತ್ತತ್ತಿಗೆ ಹೋಗುವ ದಾರಿ ಹಿಡಿದವರಿಗೆಲ್ಲ ನಾವು ಹೇಳುವುದು ಒಂದೇ ಮಾತು: ದೇವರ ದರ್ಶನ ಮಾಡಿ, ಹೊಳೆಗೆ ಮಾತ್ರ ಇಳಿಯಬೇಡಿ. ಅಲ್ಲಿನ ಸುಳಿ ಎಷ್ಟೋ ಮನೆಗಳ ಮಕ್ಕಳನ್ನು ಕೊಂಡೊಯ್ದಿದೆ. ಅಂಥ ಊರಿನ ಜಗಲಿಯ ಮೇಲೆ ತಮ್ಮನ ಮಗಳು ಸ್ಟೀಲಿನದೊಂದು, ಅಲ್ಯೂಮಿನಿಯಂನದೊಂದು ಬ್ಯಾಕ್‌ಪ್ಲೇಟ್ ಅಕ್ಕಪಕ್ಕ ಇಟ್ಟುಕೊಂಡು, ಯಾವುದನ್ನು ಕೊಳ್ಳಲಿ ಎಂದು ಕೂತಿದ್ದಾಳೆ. ನೇತ್ರಾಣಿ ದ್ವೀಪದ ಡೈವಿಂಗಿಗೂ ಅಂಡಮಾನಿನದಕ್ಕೂ ಅವಳಿಗೆ ಒಂದೇ ಹಲಗೆ ಸಾಕಂತೆ.

*

ಅವಳ ಉತ್ತರ ಹೀಗಿದೆ. ಸ್ಕೂಬಾ ಸೂಟು ತೇಲುತ್ತದೆ, ಹೆಚ್ಚಿನವರ ಮೈಯೂ ತೇಲುತ್ತದೆ. ಹಾಗಾಗಿ ಸೊಂಟಕ್ಕೆ ಸೀಸ ಕಟ್ಟಲೇಬೇಕು. ಸಿಲಿಂಡರ್ ಹೊರಲು ತೊಡುವ ಮೆತ್ತೆ ಹಾಕಿದ ಜಾಕೆಟ್ ತಾನೇ ತೇಲುವುದರಿಂದ ಇನ್ನಷ್ಟು ಸೀಸ ಕೇಳುತ್ತದೆ. ಅದರ ಬದಲಿಗೆ ಬರುವ ಹಲಗೆಯಲ್ಲಿ ಮೆತ್ತೆ ಇಲ್ಲ. ಸೀಸದ ಒಂದು ಪಾಲು ಸೊಂಟ ಬಿಟ್ಟು ಬೆನ್ನಿಗೆ ಬರುತ್ತದೆ, ಮೈ ನೀರಿನಲ್ಲಿ ಮಟ್ಟವಾಗಿ ಮಲಗುತ್ತದೆ.

3 ಮಿಲಿಮೀಟರ್ ದಪ್ಪದ ಸ್ಟೀಲ್ ಹಲಗೆ ಸುಮಾರು 2.7 ಕೆಜಿ, ಅಲ್ಯೂಮಿನಿಯಂನದು 1 ಕೆಜಿಯ ಒಳಗೆ. ನೀರಿನೊಳಗೆ ಸ್ಟೀಲು ಹೆಚ್ಚುಕಡಿಮೆ 2.4 ಕೆಜಿ ತೂಗುತ್ತದೆ, ಅಲ್ಯೂಮಿನಿಯಂ ಅರ್ಧ ಕೆಜಿಗೆ ಸ್ವಲ್ಪ ಮೇಲೆ.

*

ನನ್ನನ್ನು ಹೆಚ್ಚು ಕಾಡಿದ್ದು ಸಿಲಿಂಡರಿನ ಲೆಕ್ಕ. ಬಾಡಿಗೆಗೆ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬುವ ಗಾಳಿಯೇ ಎರಡೂವರೆ ಕೆಜಿ ಮೀರುತ್ತದೆ. ಉಸಿರಾಡುತ್ತ ಹೋದಂತೆ ಆ ತೂಕ ಇಳಿಯುತ್ತದೆ. ಹೋಗುವಾಗ ಮುಳುಗುತ್ತಿದ್ದ ಸಿಲಿಂಡರ್ ಬರುವಾಗ ಮೇಲಕ್ಕೆ ಎಳೆಯುತ್ತದೆ. ಅದಕ್ಕೇ ತೂಕ ಹೊಂದಿಸುವಾಗ ತುಂಬಿದ ಸಿಲಿಂಡರನ್ನು ನಂಬಬಾರದು. ಕೊನೆಗೆ 5 ಮೀಟರ್ ಆಳದಲ್ಲಿ, ಗಾಳಿ ಕಮ್ಮಿಯಾದಾಗ, ಅಲುಗದೆ ನಿಲ್ಲಬಲ್ಲಿರಾ ಎಂಬುದೇ ಪರೀಕ್ಷೆ.

*

ಈ ಹಲಗೆ ಹೆಸರು ಮಾಡಿದ್ದು ಫ್ಲಾರಿಡಾದ ನೀರುಗುಹೆಗಳಲ್ಲಿ, ಜೋಡಿ ಸಿಲಿಂಡರ್ ಹೊರುವವರ ಕೈಯಲ್ಲಿ. ನಡುಗೆರೆಯ ಮೇಲಿನ ಎರಡು ತೂತುಗಳ ನಡುವೆ 11 ಇಂಚು ಅಂತರ. ಈ ಅಳತೆಯನ್ನು ಬಹುತೇಕ ತಯಾರಕರು ಉಳಿಸಿಕೊಂಡಿರುವುದರಿಂದ ಒಬ್ಬರ ಹಲಗೆಗೆ ಇನ್ನೊಬ್ಬರ ವಿಂಗ್ ಕೂರುತ್ತದೆ. ವಿಂಗ್ ಎಂದರೆ ಹಲಗೆಗೂ ಸಿಲಿಂಡರಿಗೂ ನಡುವೆ ಇರುವ ಗಾಳಿಚೀಲ. ಒಂದೇ ಸಿಲಿಂಡರಿಗೆ 13ರಿಂದ 18 ಕೆಜಿ ಎತ್ತುವಂಥದ್ದು ಧಾರಾಳ. ಜೋಡಿ ಸಿಲಿಂಡರಿನ ದೊಡ್ಡ ವಿಂಗ್ ತಂದರೆ ಎರಡೂ ಕಡೆ ಮಡಚಿಕೊಂಡು ನೀರಿನಲ್ಲಿ ಎಳೆತ ಹೆಚ್ಚುತ್ತದೆ. ಹಲಗೆಯಲ್ಲಿ ಸಿಲಿಂಡರ್ ಹಿಡಿಯುವ ಕ್ಯಾಮ್ ಬ್ಯಾಂಡ್ ತೂರಿಸುವ ಸೀಳುಗಳಿದ್ದರೆ ಒಂದೇ ಸಿಲಿಂಡರ್ ಕೂರಿಸಲು ಬೇರೆ ಅಡಾಪ್ಟರ್ ಬೇಡ, ಅಷ್ಟು ತೂಕವೂ ಉಳಿಯಿತು. ಕೊಳ್ಳುವಾಗ ಮೊದಲು ನೋಡಬೇಕಾದ್ದು ಈ ಸೀಳು.

ಸಂತೆಬೀದಿಯ ವೆಲ್ಡಿಂಗ್ ಅಂಗಡಿಯಾತ ಬಂದು ಹಲಗೆಯನ್ನು ತಿರುಗಿಸಿ ನೋಡಿದ. "ಇದ್ನ ನಾನೇ ಬಗ್ಸಿ ಕೊಡ್ತಿದ್ನಲ್ಲ ಅಣ್ಣ" ಎಂದ. ಮಾಡಬಲ್ಲ, ಅನುಮಾನವಿಲ್ಲ. ಆದರೆ ಪ್ರತಿ ಸೀಳಿನ ಅಂಚನ್ನೂ ಉಜ್ಜಿ ನುಣುಪು ಮಾಡದಿದ್ದರೆ ಅದೇ ಅಂಚು ಮೈಗೆ ಕಟ್ಟುವ ಪಟ್ಟಿಯನ್ನು ಸವೆಸಿ ಕೊಯ್ಯುತ್ತದೆ. ಬೆರಳಾಡಿಸಿ ನೋಡಿದೆ, ಎಲ್ಲೂ ತಡೆಯಲಿಲ್ಲ.

*

ಪಟ್ಟಿ ಪೋಣಿಸುವುದನ್ನು ಹತ್ತಿರ ಕೂತು ನೋಡಿದೆ. ಎರಡಿಂಚು ಅಗಲದ ನೈಲಾನ್ ಪಟ್ಟಿ, ಮೂರೂವರೆ ಮೀಟರಿನಷ್ಟು ಉದ್ದ, ಎಲ್ಲೂ ತುಂಡಾಗಿಲ್ಲ. ಮೇಲಿನ ಸೀಳಿನಲ್ಲಿ ಹಾಕಿ ಎರಡು ಭುಜದ ಮೇಲೆ ಇಳಿಸಿ, ಕೆಳಗಿನ ಸೀಳಿನಿಂದ ಸೊಂಟಕ್ಕೆ ತಂದು ಒಂದೇ ಸ್ಟೀಲ್ ಬಕಲ್. ಕಾಲಸಂದಿಯಲ್ಲಿ ಇನ್ನೊಂದು ಪಟ್ಟಿ, ಹಲಗೆ ತಲೆಯ ಕಡೆಗೆ ಜಾರದಂತೆ. ತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿದಳು, ನೂಲು ಬಿಚ್ಚದಿರಲೆಂದು.

"ಅಂಗಡಿ ಜಾಕೆಟ್ಟೆಲ್ಲ ಗಂಡಸರ ಭುಜಕ್ಕೇ ಹೊಲ್ದಿರೋ ಹಂಗಿರ್ತವೆ ದೊಡ್ಡಪ್ಪ. ಇದು ನನ್ನ ಅಳತೇಗೆ ಬತ್ತದೆ" ಎಂದಳು. ಭುಜದ ಮೇಲಿಂದ ಕೈ ಹಿಂದಕ್ಕೆ ಹಾಕಿದರೆ ಹಲಗೆಯ ಮೇಲಂಚು ಬೆರಳಿಗೆ ಸಿಗಬೇಕು. ಪಟ್ಟಿಗೂ ಮೈಗೂ ನಡುವೆ ಕೈ ಸಲೀಸಾಗಿ ತೂರಬೇಕು, ಬಿಗಿ ಮಾಡಿದರೆ ಕಳಚುವುದೇ ಕಷ್ಟ. ಇದನ್ನೆಲ್ಲ ಅವಳು ಸೂಟು ಹಾಕಿಕೊಂಡೇ ಹೊಂದಿಸಿದಳು, ಬರೀ ಅಂಗಿಯ ಮೇಲಿನ ಅಳತೆ ನೀರಿನಲ್ಲಿ ಸುಳ್ಳಾಗುತ್ತದಂತೆ. ಸಿಲಿಂಡರ್ ಹಿಡಿಯುವ ಕ್ಯಾಮ್ ಬ್ಯಾಂಡನ್ನು ಮೊದಲು ನೆನೆಸಿ ಆಮೇಲೆ ಬಿಗಿಯಬೇಕು, ಯಾಕೆಂದರೆ ನೈಲಾನ್ ನೆನೆದ ಮೇಲೆ ಸಡಿಲುತ್ತದೆ.

*

ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ನೇತ್ರಾಣಿ. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಮುರುಡೇಶ್ವರಕ್ಕೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗುವಾಗ ಸ್ಟೀಲು ಹೊರೆಯಲ್ಲ. ಅಂಡಮಾನಿನ ವಿಮಾನದಲ್ಲಿ 15 ಕೆಜಿ ಸಾಮಾನಿನ ಮಿತಿಗೆ ಅದು ಹೊರೆಯೇ. ಸೀಸ ಹೋದ ಊರಿನಲ್ಲಿ ಸಿಗುತ್ತದೆ, ಆ ತೂಕವನ್ನು ಇಲ್ಲಿಂದ ಹಲಗೆಯ ರೂಪದಲ್ಲಿ ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲ. ನಮ್ಮ ಬಿಸಿ ಸಮುದ್ರಕ್ಕೆ ತೆಳು ಸೂಟು ಸಾಕಾಗುವುದರಿಂದ ಬೇಕಾಗುವ ಸೀಸವೂ ಕಮ್ಮಿ. ಜೊತೆಗೆ, ಸೊಂಟದ ಸೀಸವನ್ನು ಆಪತ್ತಿನಲ್ಲಿ ಕಳಚಿ ಬಿಸಾಡಬಹುದು, ಬೆನ್ನಿನ ಸ್ಟೀಲನ್ನು ಹಾಗೆ ಬಿಸಾಡಲಾಗದು. ಅಲ್ಯೂಮಿನಿಯಂ ತಗೋ ಎಂದೆ. ಅವಳ ಮನಸ್ಸಿನಲ್ಲೂ ಅದೇ ಇತ್ತು.

*

ಒಂದು ಅನುಮಾನ ಉಳಿದಿತ್ತು. ತುಂಡಿಲ್ಲದ ಪಟ್ಟಿಯೊಳಗೆ ಪ್ರಜ್ಞೆ ತಪ್ಪಿದವರನ್ನು ಬಿಡಿಸುವುದು ಹೇಗೆ? ಸೊಂಟದ ಬಕಲ್ ತೆಗೆದು, ಭುಜದ ಪಟ್ಟಿಯನ್ನು ಕತ್ತರಿಸಿ ಬಿಡಿಸುತ್ತಾರೆ. ಸೊಂಟದ ಪಟ್ಟಿಯಲ್ಲೇ ಅದಕ್ಕೊಂದು ಚಿಕ್ಕ ಚಾಕು ಇರುತ್ತದೆ. ಬಕಲ್ ಎಲ್ಲಿದೆ, ಚಾಕು ಎಲ್ಲಿದೆ, ಪಟ್ಟಿಯನ್ನು ಎಲ್ಲಿ ಕೊಯ್ಯಬೇಕು ಎಂಬುದನ್ನು ಜೊತೆಯಲ್ಲಿ ಇಳಿಯುವವರಿಗೆ ದೋಣಿ ಹತ್ತುವ ಮೊದಲೇ ತೋರಿಸಿ, ಅವರ ಕೈಯಲ್ಲೇ ಒಮ್ಮೆ ಬಿಚ್ಚಿಸಿ.